ಕೇಳುವ ಮೊದಲೇ ತೀರಿಸಿದ ಸಾಲ

ಭಾನುವಾರ, ತಾ. ೧೧

ಪ್ರೀತಿಯ ಹತ್ತಿಮರಿಗೆ,

ನಿನ್ನ ಅಕ್ಕನ ಆಶೀರ್ವಾದಗಳು. ನಾವಿಬ್ಬರೂ ಆರೋಗ್ಯವಾಗಿದ್ದೇವೆ. ನೀನು, ನಿನ್ನ ಹೆಂಡತಿ, ಮಕ್ಕಳು ಚೆನ್ನಾಗಿದ್ದೀರೆಂದು ನಂಬಿದ್ದೇನೆ. ದೊಡ್ಡ ಆಫೀಸಿನ ದೊಡ್ಡ ಮನುಷ್ಯನಾಗಿ, ಕಿವಿಯ ಪಕ್ಕದ ಕೂದಲು ನರೆತ ಮೇಲೂ ಹತ್ತಿಮರಿ ಅನ್ನುತ್ತಾಳಲ್ಲ ಎಂದು ಮುಖ ಗಂಟು ಹಾಕಬೇಡ. ಅಪ್ಪನ ಕುಶನ್ ಅಂಗಡಿಯಲ್ಲಿ ಹತ್ತಿಯ ರಾಶಿಯ ಮೇಲೆ ಹಾಕಿದರೆ ಮಾತ್ರ ನಿದ್ದೆ ಮಾಡುತ್ತಿದ್ದವನು ನೀನು. ಎತ್ತಿಕೊಂಡರೆ ಮೂಗು, ರೆಪ್ಪೆ, ಕಿವಿಯೆಲ್ಲ ಹತ್ತಿ. ಆ ಹೆಸರಿಟ್ಟವಳು ನಾನು. ಹಿಂದಕ್ಕೆ ತೆಗೆದುಕೊಳ್ಳುವ ಹಕ್ಕೂ ನನ್ನದೇ. ಸದ್ಯಕ್ಕೆ ಆ ಯೋಚನೆ ಇಲ್ಲ.

ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಒಂದೇ ದೇಶದಲ್ಲಿದ್ದುಕೊಂಡು, ಬೆಳಗ್ಗೆ ರೈಲು ಹತ್ತಿದರೆ ಸಂಜೆಗೆ ತಲುಪುವ ಊರಿನಲ್ಲಿರುವ ತಮ್ಮನಿಗೆ ಕಾಗದ ಬರೆಯುವುದು ನಗೆಪಾಟಲು ಎಂದು ನನಗೂ ಗೊತ್ತು. ಆದರೆ ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೆ "ಮೀಟಿಂಗ್‌ನಲ್ಲಿದ್ದೀನಿ ಅಕ್ಕ, ಆಮೇಲೆ ಮಾಡ್ತೀನಿ" ಅನ್ನುತ್ತೀಯ. ನಿನ್ನ ಆ 'ಆಮೇಲೆ' ಯಾವ ಕ್ಯಾಲೆಂಡರಿನಲ್ಲಿದೆ ಎಂದು ನಾನಂತೂ ಕಾಣೆ. ಕೊನೆಗೆ ನಿನ್ನ ಭಾವ ಹೇಳಿದರು, "ಕಾಗದ ಬರಿ ಕಣೇ. ಕಾಗದನ ಯಾರೂ ಕಟ್ ಮಾಡೋಕಾಗಲ್ಲ." ಅದಕ್ಕೇ ಕೂತಿದ್ದೇನೆ. ಬರೆದು ಮುಗಿಸಿದ ಮೇಲೆ ಅವರೂ ಓದಿ, ತಮ್ಮ ಕೈಯಲ್ಲೂ ಒಂದೆರಡು ಮಾತು ಸೇರಿಸುತ್ತಾರಂತೆ. ಆದ್ದರಿಂದ ಅವರ ಮೇಲೆ ಚಾಡಿ ಹೇಳಲು ಈ ಸಲ ಅವಕಾಶವಿಲ್ಲ.

ನಾವು ಕೆಲಸ ಮಾಡುವ ಕುರ್ಚಿ ರಿಪೇರಿ ಅಂಗಡಿಯ ಯಜಮಾನರು ಅಂಗಡಿ ಬಿಡುತ್ತಿದ್ದಾರೆ. ನಾವು ಈ ಊರಿಗೆ ಬಂದ ಹೊಸದರಲ್ಲಿ, ಮಾತು ಬಾರದಿದ್ದರೂ ಬರೀ ಕೈ ನೋಡಿ ಕೆಲಸ ಕೊಟ್ಟ ಮುದುಕರು. ನೀನೊಮ್ಮೆ ಬಂದಿದ್ದಾಗ ನೋಡಿದ್ದೀಯ. ಅಂಗಡಿಯೂ ನಿನಗೆ ಗೊತ್ತಿರುವುದೇ. ಮೂರು ಕುರ್ಚಿ, ಒಂದು ಸೋಫಾ ಬಂದರೆ ನಾವಿಬ್ಬರೂ ಫುಟ್‌ಪಾತಿಗೆ ಹೋಗಿ ಕೆಲಸ ಮಾಡಬೇಕು. ಬಾಗಿಲ ಪಕ್ಕದಲ್ಲಿ ಕತ್ತರಿಯ ಗೀರು ತುಂಬಿದ ಉದ್ದನೆಯ ಮೇಜು, ಗೋಡೆಯ ಮೇಲೆ ಸುತ್ತಿಗೆ, ಇಕ್ಕಳ, ದಬ್ಬಳ, ಹಿಂದುಗಡೆ ಸೂರು ಮುಟ್ಟುವಷ್ಟು ಫೋಮಿನ ಹಾಳೆ. ಹೊಲಿಗೆ ಮಿಷನ್ ಒಂದೇ. ದಪ್ಪ ರೆಕ್ಸಿನ್ ಕೊಟ್ಟರೆ ಅದು, ಶಾಲೆಗೆ ಹೊರಡಿಸುವಾಗ ನೀನು ಮಾಡುತ್ತಿದ್ದ ಹಾಗೆ, ನಿಂತಲ್ಲೇ ನಿಂತುಬಿಡುತ್ತದೆ. ಯಜಮಾನರಿಗೆ ಈಗ ಬೆರಳು ಮಡಚಲು ಆಗುತ್ತಿಲ್ಲ. ಮಗಳ ಮನೆಗೆ ಹೋಗಿ ಇರುತ್ತಾರಂತೆ. ಅಂಗಡಿ, ಮಿಷನ್, ಗಿರಾಕಿಗಳು ಎಲ್ಲವನ್ನೂ ಸೇರಿಸಿ ನಮಗೇ ಕೊಡುತ್ತೇನೆ ಎಂದಿದ್ದಾರೆ.

"ನೀವು ತಗೊಂಡ್ರೆ ಬೋರ್ಡ್ ಒಂದೇ ಬದಲಾಗೋದು. ಬೇರೆಯವ್ರು ತಗೊಂಡ್ರೆ ಏನೂ ಉಳಿಯಲ್ಲ" ಎಂದರು.

ಬೇರೆಯವರು ಅಂದರೆ ಪಕ್ಕದ ಮಳಿಗೆಯ ಹಲ್ಲಿನ ಡಾಕ್ಟರು. ನಡುವಿನ ಗೋಡೆ ಒಡೆದು ಇನ್ನೊಂದು ಕುರ್ಚಿ ಹಾಕುವ ಆಸೆ ಅವರಿಗೆ. ಆಗಾಗ ಬಂದು, ನಮ್ಮ ಕಡೆಯ ಗೋಡೆಯನ್ನು ಬೆರಳಿನಿಂದ ಟಕಟಕ ಬಡಿದು, ತಲೆಯಾಡಿಸಿ ಹೋಗುತ್ತಾರೆ. ಕೀಳುವ ಹಲ್ಲನ್ನು ನೋಡುವುದೂ ಹೀಗೇ ಇರಬೇಕು. ಹೋದ ವರ್ಷದಿಂದ ನಮಗಾಗಿ ಕಾಯುತ್ತಿರುವ ಯಜಮಾನರು ಇನ್ನು ಈ ತಿಂಗಳ ಕೊನೆಯವರೆಗೆ ಮಾತ್ರ ಕಾಯುತ್ತಾರೆ. ಅಷ್ಟರಲ್ಲಿ ಸಾಲ ಸಿಗದಿದ್ದರೆ ಅಂಗಡಿ ಡಾಕ್ಟರ ಪಾಲು, ನಮ್ಮಿಬ್ಬರ ಕೆಲಸವೂ ಅದರ ಜೊತೆಗೆ. ನಿನ್ನ ಭಾವನ ಈ ವಯಸ್ಸಿನಲ್ಲಿ, ಈ ಮಂಡಿ ನೋವಿನಲ್ಲಿ, ಯಾರು ಕರೆದು ಹೊಸದಾಗಿ ಕೆಲಸ ಕೊಡುತ್ತಾರೆ ಹೇಳು.

ಹೊಸದಾಗಿ ಬಂದವರ ಸಣ್ಣ ವ್ಯಾಪಾರಕ್ಕೆ ಸಾಲ ಕೊಡುವ ಆಫೀಸು ಇದೆಯೆಂದು ನಮಗೆ ಹೇಳಿದವನೇ ನೀನು. ಅದರ ಬಾಗಿಲಲ್ಲಿ ಒಂದು ದೊಡ್ಡ ಚಿತ್ರ ಹಾಕಿದ್ದಾರೆ. ಬ್ರೆಡ್ಡಿನ ತಟ್ಟೆ ಹಿಡಿದ ಗಂಡಸೊಬ್ಬ ಬಾಯಿ ತುಂಬ ನಗುತ್ತಿದ್ದಾನೆ. ಅವನು ಅರ್ಜಿ ಹಾಕುವ ಮೊದಲು ತೆಗೆದ ಫೋಟೋ ಇರಬೇಕು. ಒಳಗೆ ಕೂತವರಲ್ಲಿ ಒಬ್ಬರ ಮುಖದಲ್ಲೂ ನಗುವಿಲ್ಲ. ನಮ್ಮ ಫೈಲು ನೋಡುವ ಹುಡುಗಿಗೆ ನಾವಿಟ್ಟ ಹೆಸರು ಸಾಲದಮ್ಮ. ಪಾಪ, ಕೆಟ್ಟವಳಲ್ಲ. ಸಿಡುಕುವುದಿಲ್ಲ, ನಮ್ಮ ಮುರುಕು ಮಾತಿಗೆ ಕಾಯುತ್ತಾಳೆ. ಆದರೆ ಅವಳು "ಒಂದೇ ಒಂದು ವಿಷಯ" ಎಂದು ಶುರುಮಾಡಿದರೆ ಇನ್ನೊಂದು ತಿಂಗಳ ಓಡಾಟ ಖಾತ್ರಿ.

ಮೊದಲ ವಿಷಯ, ಅಂಗಡಿಯ ಬಾಡಿಗೆ ಕರಾರು ನಮ್ಮ ಹೆಸರಿನಲ್ಲಿ ಇರಬೇಕಂತೆ, ಆಗ ಸಾಲ. ಕಟ್ಟಡದ ಮಾಲೀಕನ ಹತ್ತಿರ ಹೋದರೆ, ಸಾಲ ಮಂಜೂರಾದ ಪತ್ರ ತೋರಿಸಿ, ಆಗ ಕರಾರು ಅಂದ. ಅವರನ್ನು ಕೇಳಿ ಎಂದು ಇವರು, ಇವರನ್ನು ಕೇಳಿ ಎಂದು ಅವರು. ಇಬ್ಬರ ನಡುವೆ ಓಡಾಡಿ ನಿನ್ನ ಭಾವನ ಚಪ್ಪಲಿ ಸವೆಯಿತು. ಕೊನೆಗೆ ಯಜಮಾನರೇ ಮಾಲೀಕನ ಮನೆಗೆ ಹೋಗಿ ಕೂಗಾಡಿ ಕರಾರಿನ ಕರಡು ಬರೆಸಿಕೊಂಡು ಬಂದರು.

ಎರಡನೇ ವಿಷಯ, ಅನುಭವ. ಅಪ್ಪನ ಅಂಗಡಿಯಲ್ಲಿ ದಬ್ಬಳ ಹಿಡಿದಾಗ ನನಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ ಎಂದೆ. "ಅದು ಅಲ್ಲಿಯ ಅನುಭವ. ಈ ದೇಶದ್ದು ಎಷ್ಟು?" ಎಂದಳು. ಯಾಕಮ್ಮ, ಇಲ್ಲಿಯವರು ಬೇರೆ ಕಡೆಯಿಂದ ಕೂರುತ್ತಾರಾ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ ನುಂಗಿ ಈಗ ನನಗೆ ಬೇರೆ ಊಟವೇ ಬೇಡವಾಗಿದೆ.

ಆಮೇಲೆ ಐದು ವರ್ಷದ ಯೋಜನೆ ಬರೆದುಕೊಡಿ ಎಂದಳು. ನಿನ್ನ ಭಾವ ಊಟದ ಮೇಜಿನ ಮುಂದೆ ಕೂತು ಮುತ್ತಿನಂಥ ಅಕ್ಷರದಲ್ಲಿ ಬರೆದರು. "ಮೊದಲನೇ ವರ್ಷ ಕುರ್ಚಿಗಳನ್ನು ರಿಪೇರಿ ಮಾಡುತ್ತೇವೆ. ಎರಡನೇ ವರ್ಷ ಇನ್ನಷ್ಟು ಕುರ್ಚಿಗಳನ್ನು ರಿಪೇರಿ ಮಾಡುತ್ತೇವೆ." ನಿಮಗೆ ಪೈಪೋಟಿ ಯಾರಿಂದ ಎಂಬ ಜಾಗದಲ್ಲಿ "ಹೊಸ ಸೋಫಾ" ಎಂದು ಬರೆದರು. ಸಾಲದಮ್ಮ ಅದನ್ನು ಓದಿ ಕನ್ನಡಕ ತೆಗೆದು ಒರೆಸಿಕೊಂಡಳು. ನಕ್ಕಳೋ ಏನೋ, ನಮಗೆ ಕಾಣಿಸದ ಹಾಗೆ.

ಅವಳ ಮೇಜಿನ ಎದುರು ಅರ್ಜಿದಾರರಿಗೆಂದು ಒಂದು ಕುರ್ಚಿ ಇದೆ. ಕೂತ ತಕ್ಷಣ ಗೊತ್ತಾಯಿತು, ಎಡಗಡೆಯ ಸ್ಪ್ರಿಂಗ್ ಮುರಿದಿದೆ, ಕೆಳಗಿನ ಪಟ್ಟಿ ಜೋತುಬಿದ್ದಿದೆ. ಕೂತವರು ನಿಧಾನವಾಗಿ ಕೆಳಗೆ ಇಳಿಯುತ್ತಾ ಹೋಗುತ್ತಾರೆ. ಮಾತು ಮುಗಿಯುವ ಹೊತ್ತಿಗೆ ಅವಳ ಮೇಜು ನಮ್ಮ ಗದ್ದದ ಹತ್ತಿರ ಬಂದಿರುತ್ತದೆ. ನಿನ್ನ ಭಾವನ ಕೈ ಕೇಳಬೇಕಲ್ಲ? ಒಂದು ದಿನ ಅವಳು ಝೆರಾಕ್ಸ್ ತರಲು ಎದ್ದು ಹೋದಾಗ ಕುರ್ಚಿಯನ್ನು ತಲೆಕೆಳಗು ಮಾಡಿ ಜೇಬಿನಿಂದ ಇಕ್ಕಳ ತೆಗೆದರು. ಅವಳು ವಾಪಸು ಬಂದವಳೇ ಕಿರುಚುವುದೊಂದು ಬಾಕಿ. ಕಾವಲುಗಾರ ಓಡಿ ಬಂದ. "ಪುಕ್ಕಟೆ ಮಾಡ್ಕೊಡ್ತೀನಮ್ಮ, ಹೀಗಂದ್ರೆ ಹೀಗೆ" ಎಂದು ನಿನ್ನ ಭಾವ. "ಪುಕ್ಕಟೆ ಮಾಡಿದ್ರೆ ಲಂಚ ಆಗುತ್ತೆ, ದಯವಿಟ್ಟು ಕೆಳಗಿಡಿ" ಎಂದು ಅವಳು. ಕುರ್ಚಿ ಹಾಗೇ ಉಳಿಯಿತು. ನಾವು ಹೋದಾಗಲೆಲ್ಲ ಅದರಲ್ಲೇ ಕೂತು ಮುಳುಗುತ್ತೇವೆ.

ಆ ಕಾವಲುಗಾರನದೂ ಒಂದು ಕಥೆ. ನಿನ್ನ ಭಾವ ಅವನನ್ನು ಮೊದಲ ದಿನದಿಂದಲೂ "ಅಣ್ಣಾ" ಎಂದು ಕರೆಯುತ್ತಿದ್ದರು. ಇಲ್ಲಿಯ ಭಾಷೆಯಲ್ಲೇ ಕರೆಯುತ್ತಿದ್ದರು, ಅದೇ ಎಡವಟ್ಟಾದದ್ದು. ಒಂದು ದಿನ ಸಾಲದಮ್ಮ ಗಂಭೀರವಾಗಿ, "ನಮ್ಮ ಆಫೀಸಿನಲ್ಲಿ ನಿಮ್ಮ ಸಂಬಂಧಿಕರು ಕೆಲಸ ಮಾಡ್ತಿದ್ರೆ ಮೊದಲೇ ಹೇಳ್ಬೇಕಿತ್ತು" ಎಂದಳು. ಕಾವಲುಗಾರನ ಬಣ್ಣ, ಎತ್ತರ, ಮೂಗು ನೋಡಿದರೆ ಅವನು ನಿನ್ನ ಭಾವನಿಗೆ ಅಣ್ಣನಾಗಲು ಭೂಮಿಯೇ ತಿರುವುಮುರುವಾಗಬೇಕು. ನಾನು ನಕ್ಕು, "ನಮ್ಮ ಕಡೆ ಹಾಗೇನೇ, ತಾಯಿ. ಬಸ್ಸಿನವನು ಅಣ್ಣ, ಅಂಗಡಿಯವಳು ಅಕ್ಕ, ಎದುರುಮನೆ ಹುಡುಗ ತಮ್ಮ" ಎಂದು ವಿವರಿಸಿದೆ. ಅವಳು ಫೈಲಿನಲ್ಲಿ ಅದನ್ನೂ ಬರೆದುಕೊಂಡಳು. ಬರೆದುಕೊಳ್ಳದ ವಿಷಯವೇ ಅವಳ ಹತ್ತಿರ ಇಲ್ಲ.

ಇನ್ನು ನಮ್ಮ ಮಹಾಪರಾಧ ಕೇಳು. ಹೋದ ವರ್ಷ ನಾವು ಮೊದಲ ಸಲ ಹೋದಾಗ ಅವಳು, "ನೀವು ಈ ದೇಶದಲ್ಲಿ ಸಾಲ ಮಾಡಿ ತೀರಿಸಿದ ದಾಖಲೆ ಏನೂ ಇಲ್ಲ. ನಿಮ್ಮನ್ನ ನಂಬೋದು ಹೇಗೆ?" ಎಂದಿದ್ದಳು.

"ಸಾಲವೇ ಮಾಡಿಲ್ಲಮ್ಮ ನಾವು. ಇನ್ನೇನು ನಂಬಿಕೆ ಬೇಕು?" ಎಂದೆ.

"ಅದೇ ತೊಂದರೆ" ಎಂದಳು.

ಅದಕ್ಕೆ ಅವಳೇ ಬ್ಯಾಂಕಿಗೆ ಹೇಳಿ ಒಂದು ಸಣ್ಣ ಕಾರ್ಡು ಕೊಡಿಸಿದಳು. ಅದರಲ್ಲಿ ನೂಲು, ಮೊಳೆ, ಬಟ್ಟೆ ತಗೊಳ್ಳಿ, ತಿಂಗಳ ಕೊನೆಗೆ ಬಿಲ್ಲು ಬರುತ್ತದೆ, ಕಟ್ಟಿ, ಒಂದು ವರ್ಷ ಹೀಗೆ ಮಾಡಿದರೆ ನಿಮಗೂ ದಾಖಲೆ ಆಗುತ್ತದೆ ಎಂದಳು. ಕೇಳಲು ಸುಲಭ. ಆದರೆ ನಮ್ಮ ಮನೆಯ ರೀತಿ ನಿನಗೆ ಗೊತ್ತಲ್ಲ. ಬಾಕಿ ಅಂದರೆ ಅಪ್ಪ ಹಾವು ಮೆಟ್ಟಿದವರಂತೆ ಹಾರುತ್ತಿದ್ದರು. ಕೊಂಡದ್ದಕ್ಕೆ ದುಡ್ಡು ಕೊಡದೆ ಅಂಗಡಿಯ ಮೆಟ್ಟಿಲು ಇಳಿದವರಲ್ಲ. ಆ ಅಂಗಡಿಯಲ್ಲೇ ಕೆಲಸ ಕಲಿತು ಆ ಮನೆಗೇ ಅಳಿಯನಾದವರು ನಿನ್ನ ಭಾವ. ಕಾರ್ಡು ತೋರಿಸಿ ಒಂದು ಡಬ್ಬಿ ಮೊಳೆ ತಂದ ದಿನ ಅವರಿಗೆ ಅನ್ನ ಇಳಿಯಲಿಲ್ಲ. "ಇನ್ನೊಬ್ಬರ ಮೊಳೆ ಹೊಡೀತಿದ್ದೀನಿ ಅನ್ಸುತ್ತೆ ಕಣೇ" ಎಂದರು. ಮರುದಿನದಿಂದ ಸಾಮಾನು ಕೊಂಡವರೇ ಸೀದಾ ಬ್ಯಾಂಕಿನ ಕೌಂಟರಿಗೆ ಹೋಗಿ ಅಷ್ಟನ್ನೂ ಕಟ್ಟಿ ಮನೆಗೆ ಬರುತ್ತಿದ್ದರು. ಕೌಂಟರಿನವನು "ಇನ್ನೂ ಬಿಲ್ಲೇ ಆಗಿಲ್ವಲ್ಲ" ಅಂದರೆ, "ಆಗೋವರೆಗೂ ಯಾಕೆ ನಿಮಗೆ ತೊಂದರೆ" ಅನ್ನುವರು. ಬ್ಯಾಂಕಿಗೆ ರಜೆ ಇದ್ದರೆ ಹಿಂದಿನ ದಿನವೇ ಅಂದಾಜಿನ ಮೇಲೆ ಕಟ್ಟಿಬಿಡುವರು. ನಾನು ತಡೆದೆನೇ? ಇಲ್ಲ. ಎಂಥ ಮನುಷ್ಯನನ್ನು ಕಟ್ಟಿಕೊಂಡಿದ್ದೇನೆ ಎಂದು ಒಳಗೊಳಗೇ ಬೀಗಿದೆ.

ವರ್ಷ ಮುಗಿದ ಮೇಲೆ ಇಬ್ಬರೂ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಪರೀಕ್ಷೆಯಲ್ಲಿ ಮೊದಲ ದರ್ಜೆ ಖಾತ್ರಿ ಇದ್ದವರ ಹಾಗೆ ಹೋಗಿ ಕೂತೆವು. ಸಾಲದಮ್ಮ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದಳು.

"ಖಾಲಿ ಇದೆ" ಎಂದಳು.

"ಬಾಕಿ ತಾನೇ? ಹೌದಮ್ಮ, ಪೂರ್ತಿ ಖಾಲಿ" ಎಂದರು ನಿನ್ನ ಭಾವ ಖುಷಿಯಿಂದ.

"ಬಾಕಿ ಅಲ್ಲ, ದಾಖಲೆ ಖಾಲಿ. ಬಿಲ್ ಆಗೋ ದಿನ ನಿಮ್ಮ ಲೆಕ್ಕದಲ್ಲಿ ಯಾವತ್ತೂ ಏನೂ ಇಲ್ಲ. ಬಿಲ್ಲೇ ಆಗಿಲ್ಲ ಅಂದ್ಮೇಲೆ ಕಟ್ಟಿದ್ದೀರಿ ಅಂತ ಬರೆಯೋದೆಲ್ಲಿ? ಕಂಪ್ಯೂಟರ್ ಪ್ರಕಾರ ನೀವು ಆ ಕಾರ್ಡನ್ನ ಮುಟ್ಟೇ ಇಲ್ಲ."

ಯಾರನ್ನು ಬೈಯಲಿ ಹೇಳು. ನಮ್ಮ ಮೇಲಿನ ಮಹಡಿಯವನು ಕಾರ್ಡಿನ ಬಿಲ್ಲನ್ನು ಮರೆತು, ಬೈಸಿಕೊಂಡು, ದಂಡ ಸಮೇತ ಕಟ್ಟಿದವನು. ಅವನಿಗೆ ದಾಖಲೆ ಇದೆ, ಸಾಲವೂ ಸಿಕ್ಕಿತು. ಕೇಳುವ ಮೊದಲೇ ತೀರಿಸಿದ ನಾವು ಲೆಕ್ಕಕ್ಕೇ ಇಲ್ಲ. ನಿನ್ನ ಭಾವ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟರು. "ಒಳ್ಳೇತನ ಮಾಡೋಕೂ ಟೈಮ್ ಟೇಬಲ್ ಇದೆ ಅಂತ ನಂಗೆ ಗೊತ್ತಿರಲಿಲ್ಲ ಕಣೇ" ಎಂದರು. ನನಗೆ ಅಳು ಬರಲಿಲ್ಲ, ಉರಿಯಿತು. ಈಗ ಬರೆಯುವಾಗಲೂ ಉರಿಯುತ್ತಿದೆ.

ಇನ್ನೊಂದು ವರ್ಷ ಕಾರ್ಡು ಬಳಸಿ ಬನ್ನಿ ಎಂದಳು. ಅಷ್ಟರಲ್ಲಿ ನಮ್ಮ ಮೇಜಿದ್ದ ಜಾಗದಲ್ಲಿ ಯಾರೋ ಬಾಯಿ ತೆರೆದು ಮಲಗಿರುತ್ತಾರೆ ಎಂದೆ. ಅವಳು ಸ್ವಲ್ಪ ಯೋಚಿಸಿ, "ಇನ್ನೊಂದು ದಾರಿ ಇದೆ. ಇಲ್ಲಿ ತುಂಬ ವರ್ಷದಿಂದ ಇರೋರು, ನಿಮ್ಮನ್ನ ಹತ್ತಿರದಿಂದ ಬಲ್ಲವರು ಯಾರಾದ್ರೂ ಒಂದು ಮಾತು ಹೇಳ್ಬೇಕು. ದುಡ್ಡಿನ ಜವಾಬ್ದಾರಿ ಅವರಿಗೆ ಬರಲ್ಲ, ಸಹಿಯೂ ಬೇಡ. ಇವರು ನಂಗೆ ಗೊತ್ತು, ನಂಬಿಕಸ್ಥರು ಅಂತ ಫೋನಲ್ಲಿ ಹೇಳಿದ್ರೆ ಸಾಕು. ಒಡಹುಟ್ಟಿದವರಾದ್ರೆ ಇನ್ನೂ ಒಳ್ಳೇದು" ಎಂದಳು.

ಒಂದು ವರ್ಷದಲ್ಲಿ ಮೊದಲ ಸಲ ಆ ಆಫೀಸು ನಮ್ಮ ಹತ್ತಿರ ಇರುವುದನ್ನೇ ಕೇಳಿತ್ತು. ನಿನ್ನ ಭಾವ ಕುಣಿಯುವುದೊಂದು ಬಾಕಿ. "ನಮ್ಮ ಹತ್ತಿಮರಿ ಇಲ್ವೇನೇ!" ಎಂದರು. ಆಫೀಸಿನಲ್ಲೇ ಹಾಗಂದರು ಮಾರಾಯ, ನಿನ್ನ ಪೂರ್ತಿ ಹೆಸರು ಹೇಳುವುದು ಬಿಟ್ಟು. ಮಕ್ಕಳಿಲ್ಲ ಎಂದು ಯಾರಾದರೂ ನಮ್ಮನ್ನು ಅಯ್ಯೋ ಅಂದರೆ "ಒಬ್ಬನ್ನ ಸಾಕಿದ್ದಾಯ್ತು, ಅವನು ಈಗ ಮ್ಯಾನೇಜರು" ಅನ್ನುವವರು ಅವರು. ನಾನು ನಿನ್ನ ನಂಬರು ಬರೆದುಕೊಟ್ಟೆ.

ಫೋನ್ ಮಾಡುವ ದಿನ ಅಂಗಡಿಗೆ ಆಸ್ಪತ್ರೆಯ ಬೆಂಚುಗಳು ಬಂದಿದ್ದವು, ನಿನ್ನ ಭಾವನಿಗೆ ಬರಲಾಗಲಿಲ್ಲ. ನಾನೊಬ್ಬಳೇ ಹೋದೆ. ಲೈನ್ ಸಿಗಲಿಲ್ಲ. ಸಂಜೆ ನಿನಗೆ ಫೋನ್ ಮಾಡಿ ಕೇಳಿದಾಗ ನೀನೂ "ಯಾವ ಫೋನೂ ಬರಲಿಲ್ಲ ಅಕ್ಕ" ಎಂದೆ. ಸರಿ, ಇಲ್ಲಿಯ ಫೋನುಗಳ ಹಣೆಬರಹ ಎಂದುಕೊಂಡೆ. ಆಮೇಲೆ ಯಾಕೋ ಕಾಗದ ಬರೆಯಲು ಕೈ ಓಡಲಿಲ್ಲ.

ನಿನ್ನ ಭಾವ ಟೀ ಕೇಳುತ್ತಿದ್ದಾರೆ. ಉಳಿದದ್ದನ್ನು ನಾಳೆ ಬರೆಯುತ್ತೇನೆ.

ಮಂಗಳವಾರ

ನಾಳೆ ಎಂದದ್ದು ನಾಡಿದ್ದಾಯಿತು. ನಿನ್ನ 'ಆಮೇಲೆ' ನನಗೂ ಅಂಟಿತು ನೋಡು.

ನಿನ್ನೆ ಒಂದು ಬೆಳವಣಿಗೆ ಆಯಿತು. ಅರ್ಜಿ ವಾಪಸು ತೆಗೆದುಕೊಂಡುಬಿಡೋಣ, ಸಾಕಾಯಿತು ಎಂದು ನಾನಂದೆ. ನಿನ್ನ ಭಾವ ನನ್ನನ್ನೇ ಹುಚ್ಚಿಯ ಹಾಗೆ ನೋಡಿದರು. "ಒಂದ್ಸಲ ಲೈನ್ ಸಿಗ್ಲಿಲ್ಲ ಅಂತ ಯಾರಾದ್ರೂ ಅಂಗಡಿ ಬಿಡ್ತಾರಾ? ನಡಿ, ನಾನೇ ಕೇಳ್ತೀನಿ" ಎಂದು ಹೊರಡಿಸಿಕೊಂಡು ಹೋದರು. ಆ ಕುರ್ಚಿಯಲ್ಲಿ ಈ ಸಲ ಅವರು ಕೂತು ಮುಳುಗಿದರು. ನಾನು ಪಕ್ಕದಲ್ಲಿ ನಿಂತಿದ್ದೆ.

"ಅಮ್ಮಾ, ಅವತ್ತು ನಮ್ಮ ಹುಡುಗನಿಗೆ ಲೈನ್ ಸಿಗ್ಲಿಲ್ವಂತೆ. ಇನ್ನೊಂದ್ಸಲ ಮಾಡಿ ನೋಡಿ" ಎಂದರು.

ಸಾಲದಮ್ಮ ಅವರನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದಳು. "ಸರಿ. ಬರೋ ವಾರ ಗುರುವಾರ, ಇಪ್ಪತ್ತೆರಡಕ್ಕೆ, ಬೆಳಗ್ಗೆ ಇಬ್ಬರೂ ಬನ್ನಿ. ಇನ್ನೊಂದು ಸಲ ಮಾಡೋಣ. ಅವತ್ತು ಆಗ್ಲಿಲ್ಲ ಅಂದ್ರೆ ನಾನು ಫೈಲ್ ಮುಚ್ಚಬೇಕಾಗುತ್ತೆ" ಎಂದಳು. ಯಜಮಾನರಿಗೂ ವಿಷಯ ತಿಳಿಸಿದ್ದೇವೆ. ಡಾಕ್ಟರು ಬಂದು ಗೋಡೆ ಬಡಿದಾಗ ಅವರು ಒಳಗಿನಿಂದ ಸುತ್ತಿಗೆಯಲ್ಲಿ ತಿರುಗಿ ಬಡಿದರು.

ನಿನ್ನ ಭಾವ ಬೋರ್ಡಿಗೆ ಬಣ್ಣ ಕೂಡ ನೋಡಿಕೊಂಡು ಬಂದಿದ್ದಾರೆ. ಹೆಸರು ಏನಿಡೋಣ ಎಂದು ನಿನ್ನನ್ನೇ ಕೇಳಬೇಕಂತೆ. ಬೇಡ, ಮೊದಲು ಸಾಲ ಸಿಗಲಿ ಎಂದರೆ ಕೇಳುವುದಿಲ್ಲ. ರಾತ್ರಿ ಊಟ ಮಾಡುವಾಗಲೂ ತಟ್ಟೆಯ ಅಂಚಿನಲ್ಲಿ ಬೆರಳಿನಿಂದ ಅಕ್ಷರ ಬರೆಯುತ್ತಿರುತ್ತಾರೆ. ಅವರನ್ನು ಹಾಗೆ ನೋಡಿದರೆ ನನಗೆ ಭಯವಾಗುತ್ತದೆ.

ಇಷ್ಟೇ ನಮ್ಮ ಸಮಾಚಾರ. ನಿನ್ನ ಬೆನ್ನು ನೋವು ಹೇಗಿದೆ? ಆಫೀಸಿನ ಕುರ್ಚಿಯಲ್ಲಿ ಸೊಂಟದ ಹತ್ತಿರ ಒಂದು ದಿಂಬು ಇಟ್ಟುಕೋ, ಮೆತ್ತನೆಯದು ಬೇಡ, ಗಟ್ಟಿಯದು. ಮಕ್ಕಳಿಗೆ ಒಂದೊಂದು ಕೂರುವ ದಿಂಬು ಹೊಲಿದಿಟ್ಟಿದ್ದೇನೆ, ಯಾರಾದರೂ ಆ ಕಡೆ ಬರುವವರಿದ್ದರೆ ಕಳಿಸುತ್ತೇನೆ. ಇನ್ನು ನಿನ್ನ ಭಾವ ಪೆನ್ನು ಕಿತ್ತುಕೊಳ್ಳುತ್ತಿದ್ದಾರೆ.

ಹತ್ತಿಮರೀ, ಇದು ಭಾವ. ನಿನ್ನ ಅಕ್ಕ ಬರೆದದ್ದೆಲ್ಲ ಓದಿದೆ, ಕುರ್ಚಿ ತಲೆಕೆಳಗು ಮಾಡಿದ್ದು ಬಿಟ್ಟು ಉಳಿದದ್ದು ನಿಜ. ಕುರ್ಚಿಯನ್ನು ನಾನು ಬರೀ ಓರೆ ಮಾಡಿದ್ದೆ. ಇಪ್ಪತ್ತೆರಡನೇ ತಾರೀಖು ಗುರುವಾರ ಬೆಳಗ್ಗೆ ಫೋನ್ ಬರುತ್ತದೆ, ಆ ಹೊತ್ತಿಗೆ ಮೀಟಿಂಗ್ ಇಟ್ಟುಕೊಳ್ಳಬೇಡ ರಾಜಾ. ಹೆಚ್ಚೇನೂ ಹೊಗಳಬೇಡ, ಆ ಹುಡುಗಿ ಎಲ್ಲವನ್ನೂ ಬರೆದುಕೊಳ್ಳುತ್ತಾಳೆ. ನಿನ್ನ ಅಕ್ಕ ಈಚೆಗೆ ಸರಿಯಾಗಿ ಊಟ ಮಾಡುತ್ತಿಲ್ಲ. ಕೇಳಿದರೆ ಸಾಲದ ಚಿಂತೆ ಅನ್ನುತ್ತಾಳೆ. ನೀನು ಮಾತಾಡಿದರೆ ಸರಿಹೋಗುತ್ತಾಳೆ. ಅಂಗಡಿ ನಮ್ಮದಾದ ದಿನ ಮೊದಲನೇ ಕುರ್ಚಿ ನಿನಗೇ ಕಟ್ಟಿಕೊಡುತ್ತೇನೆ, ಹಳೇ ಕಾಲದ ಹತ್ತಿ ತುಂಬಿ.

ಅವರದು ಮುಗಿಯಿತು. ನೀನೂ ನಿನ್ನ ಮನೆಯವರೂ ಸುಖವಾಗಿರಿ. ಮಕ್ಕಳಿಗೆ ಒಳ್ಳೆಯ ವಿದ್ಯೆ, ನಿನಗೆ ನೋವಿಲ್ಲದ ಬೆನ್ನು, ನಿನ್ನ ಹೆಂಡತಿಗೆ ನೆಮ್ಮದಿ ಸಿಗಲಿ.

ಇತಿ,
ನಿನ್ನ ಅಕ್ಕ

ತಾ.ಕ.: ನಿನ್ನ ಭಾವ ಲಕೋಟೆ ತರಲು ಮೂಲೆಯ ಅಂಗಡಿಗೆ ಹೋಗಿದ್ದಾರೆ. ಅವರು ಬರುವುದರೊಳಗೆ ಇದನ್ನು ಬರೆದು ಮಡಚಬೇಕು.

ಆ ದಿನ ಲೈನ್ ಸಿಕ್ಕಿತ್ತು.

"ಮುಚ್ಚುಮರೆ ಏನಿಲ್ಲ, ನಿಮ್ಮ ಎದುರಿಗೇ ಮಾತಾಡ್ತೀನಿ" ಎಂದು ಸಾಲದಮ್ಮ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದ್ದಳು. ನಿನ್ನ ಹಲೋ ಕೇಳಿ ನಾನು ಕುರ್ಚಿಯಲ್ಲಿ ಮುಂದಕ್ಕೆ ಜರುಗಿದೆ. ನನ್ನ ಹೆಸರು ಹೇಳಿ, "ಇವರು ನಿಮಗೆ ಏನಾಗಬೇಕು?" ಎಂದು ಕೇಳಿದಳು. ನೀನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಏನೆಂದು ಹೊಗಳಲಿ ಎಂದು ಯೋಚಿಸುತ್ತಿದ್ದೀಯ ಅಂದುಕೊಂಡೆ ಕಣೋ ನಾನು.

"ನಮ್ಮ ಕಡೆಯವರು. ಮುಖಪರಿಚಯ ಅಷ್ಟೇ. ಅವರ ವ್ಯವಹಾರ ನಂಗೆ ಗೊತ್ತಿಲ್ಲ" ಅಂದೆ.

"ನೀವು ಅವರ ತಮ್ಮ ಅಂತ ಹೇಳಿದ್ರು" ಎಂದಳು ಅವಳು.

"ನಮ್ಮ ಕಡೆ ಎಲ್ರೂ ಎಲ್ರನ್ನೂ ತಮ್ಮ ಅಂತಾನೇ ಕರೆಯೋದು" ಅಂದೆ ನೀನು. ನಕ್ಕೆ ಬೇರೆ.

ಸಾಲದಮ್ಮ ಫೋನ್ ಇಟ್ಟಳು. ಕಾವಲುಗಾರನ ವಿಷಯ ಅವಳ ಫೈಲಿನಲ್ಲಿ ಇತ್ತಲ್ಲ, ಅವಳು ನಂಬದೆ ಇನ್ನೇನು ಮಾಡುತ್ತಾಳೆ? ನನಗೆ ಅವಮಾನವಾಗಬಾರದೆಂದು ಮೆತ್ತಗೆ, "ನಿಮ್ಮಲ್ಲಿ ಹಾಗೆ ಕರೀತೀರಿ ಅಂತ ನೀವೇ ಹೇಳಿದ್ರಿ. ಆದ್ರೆ ನಾನು ಕೇಳಿದ್ದು ನಿಜವಾದ ತಮ್ಮನ್ನ" ಎಂದಳು. ಆ ಮುರಿದ ಸ್ಪ್ರಿಂಗ್ ತೊಡೆಗೆ ಒತ್ತುತ್ತಿತ್ತು. ನಿನ್ನನ್ನು ಸುಳ್ಳ ಎಂದು ಅವಳ ಮುಂದೆ ಹೇಳಲು ನನಗೆ ಬಾಯಿ ಬರಲಿಲ್ಲ. "ಹೌದು ತಾಯಿ, ಕರೆಯೋ ಅಭ್ಯಾಸ" ಎಂದುಬಿಟ್ಟೆ.

ಸಂಜೆ ನೀನು ಯಾವ ಫೋನೂ ಬರಲಿಲ್ಲ ಅಂದಾಗಲೂ ಹೌದಾ ಅಂದೆ. ನಿನಗೂ ಏನೋ ಭಯ ಇರಬಹುದು. ನಿನ್ನ ಮನೆಯ ಸಾಲ, ನಿನ್ನ ಆಫೀಸು, ನಿನ್ನ ಹೆಂಡತಿಯ ಮಾತು. ನಿನ್ನ ಪರವಾಗಿ ಕಾರಣ ಹುಡುಕಿ ಹುಡುಕಿ ಸಾಕಾಗಿದೆ. ಒಂದೂ ಸಾಲದು. ನನಗೆ ಸಿಟ್ಟು ಬಂದಿದೆ, ತುಂಬ ಸಿಟ್ಟು ಬಂದಿದೆ. ಕಾಲಿಗೆ ಮುಳ್ಳು ಚುಚ್ಚಿದರೆ ಅಮ್ಮನನ್ನು ಬಿಟ್ಟು ನನ್ನ ಹತ್ತಿರ ಓಡಿ ಬರುತ್ತಿದ್ದವನು ನೀನು.

ನಿನ್ನ ಭಾವನಿಗೆ ಏನೂ ಗೊತ್ತಿಲ್ಲ. ಗುರುವಾರ ಅವರು ಆ ಕುರ್ಚಿಯಲ್ಲಿ ಕೂತಿರುತ್ತಾರೆ. ಸ್ಪೀಕರ್ ಹಾಕಿರುತ್ತದೆ. ಅವರಿಗೂ ಈಗ ಇಲ್ಲಿಯ ಭಾಷೆ ಅರ್ಥವಾಗುತ್ತದೆ. ಸಾಲದಮ್ಮ ಅದೇ ಪ್ರಶ್ನೆ ಕೇಳುತ್ತಾಳೆ. ಅಂಗಡಿಯ ಬಗ್ಗೆ ನೀನೇನೂ ಹೇಳಬೇಡ, ನಾವು ನಂಬಿಕಸ್ಥರು ಎಂದೂ ಹೇಳಬೇಡ. ಅಂಗಡಿ ಹೋದರೆ ಹೋಗಲಿ. ಅಕ್ಕ ಅನ್ನು, ಒಂದೇ ಹೊಟ್ಟೆಯಲ್ಲಿ ಹುಟ್ಟಿದವಳು ಅನ್ನು.

ಅದನ್ನು ಹೇಳಲು ಆಗುವುದಿಲ್ಲ ಅಂದರೆ ಫೋನ್ ಎತ್ತಬೇಡ. ಲೈನ್ ಸಿಗಲಿಲ್ಲ ಎಂದರೆ ನಿನ್ನ ಭಾವ ಇನ್ನೊಂದು ಸಲವೂ ನಂಬುತ್ತಾರೆ.